ಹಲಬರ್ಗಾದಲ್ಲಿ ಪ್ಲಾಟ್: ಮುಂಗಡ ಕೊಡುವ ಮೊದಲು

ಬೀದರ್‌ನಿಂದ ಭಾಲ್ಕಿಗೆ ಹೋಗುವ ರೈಲುದಾರಿಯಲ್ಲಿ ಹಲಬರ್ಗಾ ಸಿಗುತ್ತದೆ. ಇಂಥ ಊರಲ್ಲಿ ಪ್ಲಾಟ್ ಕೊಳ್ಳುವವರು ಮೊದಲು ನೋಡುವುದು ರಸ್ತೆ, ನೀರು, ದರ. ಕಾಗದಪತ್ರದ ಸರದಿ ಕೊನೆಗೆ. ಎಷ್ಟೋ ಕುಟುಂಬಗಳ ಉಳಿತಾಯ ಮುಳುಗುವುದು ಅಲ್ಲೇ.

ಜಮೀನು ಎನ್‌ಎ (ಕೃಷಿಯೇತರ) ಆಗಿದೆಯೇ? ಪಹಣಿಯಲ್ಲಿ ಇನ್ನೂ ಹೊಲವೆಂದೇ ಇದ್ದರೆ ಮುಂಗಡ ಕೊಡಬಾರದು. ಬಾಂಡ್ ಪೇಪರ್ ಮೇಲೆ ಬರೆಸಿ ನೋಟರಿ ಮುದ್ರೆ ಒತ್ತಿಸಿದ ಮಾತ್ರಕ್ಕೆ ಪ್ಲಾಟ್ ಕೊಂಡವರದಾಗುವುದಿಲ್ಲ. ಮಾರಾಟ ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಲೇಬೇಕು.

ಗ್ರಾಮ ಪಂಚಾಯಿತಿ ವ್ಯಾಪ್ತಿಯ ಆಸ್ತಿಗೆ ಇ-ಸ್ವತ್ತಿನ ನಮೂನೆ 9 ಮತ್ತು 11 ಕೇಳಬೇಕು. ಭಾಲ್ಕಿ, ಔರಾದ್, ಬೀದರ್ ಪಟ್ಟಣದೊಳಗಾದರೆ ಇ-ಖಾತಾ. ನೋಂದಾಯಿತ ಸಾಲ, ಅಡಮಾನಗಳು ಋಣಭಾರ ಪ್ರಮಾಣಪತ್ರದಲ್ಲಿ (ಇಸಿ) ಕಾಣುತ್ತವೆ. ಅದನ್ನು ಕಾವೇರಿ 2.0 ಜಾಲತಾಣದಲ್ಲೇ ಪಡೆಯಬಹುದು.

ಈ ಸೀಮೆಗೆ ಇನ್ನೊಂದು ತೊಡಕಿದೆ. 1956ರವರೆಗೆ ಬೀದರ್ ಹೈದರಾಬಾದ್ ರಾಜ್ಯದಲ್ಲಿತ್ತು, ಹಾಗಾಗಿ ಹಳೆಯ ದಾಖಲೆಗಳು ಉರ್ದುವಿನಲ್ಲಿರುತ್ತವೆ. ಬಲ್ಲವರಿಂದ ಓದಿಸಿ, ಮಾರುವವರ ವಂಶವೃಕ್ಷದ ಜೊತೆ ಹೋಲಿಸಿ ನೋಡಬೇಕು.

ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಾದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಹೆಣ್ಣುಮಕ್ಕಳಿಗೂ ಸಮಪಾಲು. ಮದುವೆಯಾಗಿ ಬೇರೆ ಊರಿಗೆ ಹೋದ ಅಕ್ಕತಂಗಿಯರ ಸಹಿಯೂ ಮಾರಾಟ ಪತ್ರದಲ್ಲಿರಬೇಕು.