ಕೆಮಿಕಲ್ ಪೀಲ್: ಮುಖ ಒಡ್ಡುವ ಮುನ್ನ

ಹಳಿಯಾಳ ತಾಲ್ಲೂಕಿನ ಹಳ್ಳಿಯೊಂದರ ತಾಯಿ ತಮ್ಮ ಮಗಳನ್ನು ನನ್ನ ಚಿಕಿತ್ಸಾಲಯಕ್ಕೆ ಕರೆತಂದಾಗ ಮದುವೆಗೆ ಒಂಬತ್ತು ದಿನ ಉಳಿದಿತ್ತು. ಮೊಡವೆಯ ಕಲೆಗಳು ಹೋಗಲೆಂದು ನಗರದ ಬ್ಯೂಟಿ ಪಾರ್ಲರೊಂದರಲ್ಲಿ ಹುಡುಗಿಗೆ ‘ಕೆಮಿಕಲ್ ಪೀಲ್’ ಮಾಡಿದ್ದರು. ಕೆನ್ನೆಯ ಚರ್ಮ ಹಾಳೆಯಂತೆ ಎದ್ದಿತ್ತು; ಆಕೆ ಅದನ್ನು ಕಿತ್ತೆಳೆದ ಕಡೆಯೆಲ್ಲ ಕೆಂಪಾಗಿ ನೀರು ಒಸರುತ್ತಿತ್ತು. “ಡಾಕ್ಟರ್ರ, ಅರಿಷಿಣ ಹಚ್ಚೂದರೊಳಗ ಆರಾಮ ಆಗತೈತೇನ್ರಿ?” ಎಂದು ತಾಯಿ ಕೇಳಿದರು. ಆಗುವುದಿಲ್ಲವೆಂದು ಹೇಳಿ, ಅಂದೇ ಚರ್ಮರೋಗ ತಜ್ಞರ ಬಳಿಗೆ ಕಳುಹಿಸಿದೆ. ಗಾಯವೇನೋ ಬೇಗ ಮಾಯಿತು. ಆದರೆ ಮೊದಲಿದ್ದ ಕಲೆಗಿಂತ ಕಪ್ಪಾದ ಪಟ್ಟೆಗಳು ಉಳಿದವು. ಅವು ಮಾಸಲು ಹತ್ತಿರ ಹತ್ತಿರ ಒಂದು ವರ್ಷ ಬೇಕಾಯಿತು.

ಈ ಚಿಕಿತ್ಸೆ ಕೆಟ್ಟದ್ದೆಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಬಲ್ಲವರ ಕೈಯಲ್ಲಿ ಮೊಡವೆ, ಮೊಡವೆಯ ಕಲೆ ಹಾಗೂ ಬಂಗಿಗೆ ಇದರಿಂದ ಪ್ರಯೋಜನವುಂಟು. ಆದರೆ ಇದು ಮುಖಕ್ಕೆ ಹಚ್ಚುವ ಲೇಪವಲ್ಲ. ಆಮ್ಲದಿಂದ ಚರ್ಮದ ಮೇಲ್ಪದರವನ್ನು ಅಳತೆಯಿಟ್ಟು ಸುಟ್ಟು ಕಳಚಿ, ಅಡಿಯಿಂದ ಹೊಸ ಚರ್ಮ ಬರುವಂತೆ ಮಾಡುವ ಕ್ರಿಯೆ. ಅಳತೆ ತಪ್ಪಿದರೆ ಉಳಿಯುವುದು ಸುಟ್ಟ ಗಾಯವೇ. ನಮ್ಮ ಕಂದು, ಕಪ್ಪು ಮೈಬಣ್ಣದ ಸ್ವಭಾವವೆಂದರೆ, ಎಲ್ಲಿ ಉರಿಯೂತವಾಯಿತೋ ಅಲ್ಲಿ ವರ್ಣದ್ರವ್ಯ ಹೆಚ್ಚಾಗಿ ಸುರಿದು ಕಪ್ಪುಗಟ್ಟುತ್ತದೆ. ಬಿಳಿಯ ಚರ್ಮದವರಿಗಿಂತ ನಮಗೆ ಈ ಅಪಾಯ ಬಹಳ ಹೆಚ್ಚು. ನಮ್ಮ ಸಿದ್ದಿ ಬಂಧುಗಳು ಇನ್ನೂ ಎಚ್ಚರದಿಂದಿರಬೇಕು.

ಗ್ಲೈಕಾಲಿಕ್ ಆಮ್ಲ ಕಬ್ಬಿನಲ್ಲಿಯೂ ಇದೆ, ಲ್ಯಾಕ್ಟಿಕ್ ಆಮ್ಲ ಮೊಸರಿನಲ್ಲಿದೆ. ಆದುದರಿಂದ ನಿರಪಾಯವೆಂದು ಕೆಲವರು ತಿಳಿಯುತ್ತಾರೆ. ಹಳಿಯಾಳದ ಹೊಲಗಳಲ್ಲಿ ಕಬ್ಬು ತಿಂದು ಬೆಳೆದವರಿಗೆ ಈ ಮಾತು ಒಪ್ಪಿಗೆಯಾಗುವುದು ಸಹಜ. ಆದರೆ ಪ್ರಶ್ನೆ ಆಮ್ಲದ ಮೂಲದ್ದಲ್ಲ, ತೀಕ್ಷ್ಣತೆಯದು. ಆಸ್ಪತ್ರೆಗಳಲ್ಲಿ ಶೇ. 70ರವರೆಗಿನ ಗ್ಲೈಕಾಲಿಕ್ ಆಮ್ಲವನ್ನೂ ಬಳಸುವುದುಂಟು. ಅದನ್ನು ನಿಮಿಷಗಳ ಲೆಕ್ಕವಿಟ್ಟು ಹಚ್ಚಿ, ಸಕಾಲದಲ್ಲಿ ಶಮನಗೊಳಿಸಬೇಕು. ಇಂಥ ತೀಕ್ಷ್ಣ ದ್ರಾವಣಗಳನ್ನು ಈಗ ಮೊಬೈಲಿನಲ್ಲೇ ತರಿಸಿಕೊಳ್ಳಬಹುದು. ವೈದ್ಯರ ಮೇಲ್ವಿಚಾರಣೆಯಿಲ್ಲದೆ ಇವನ್ನು ಕೊಳ್ಳಬಾರದು, ಬಳಸಬಾರದು ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2024ರಲ್ಲಿ ಎಚ್ಚರಿಸಿತು.

ಆಯುರ್ವೇದಕ್ಕೆ ಈ ವಿಚಾರ ಹೊಸದಲ್ಲ. ಸುಶ್ರುತಾಚಾರ್ಯರು ಚರ್ಮಕ್ಕೆ ಏಳು ಪದರಗಳನ್ನು ಹೇಳಿ, ಬಂಗು ಅಂದರೆ ವ್ಯಂಗದ ನೆಲೆಯನ್ನು ‘ಲೋಹಿತಾ’ ಎಂಬ ಎರಡನೆಯ ಪದರದಲ್ಲಿ ಗುರುತಿಸಿದ್ದಾರೆ. ಕ್ಷಾರವನ್ನು ಮೃದು, ಮಧ್ಯಮ, ತೀಕ್ಷ್ಣವೆಂದು ವಿಭಾಗಿಸಿ, ಗರ್ಭಿಣಿ, ಬಾಲ, ವೃದ್ಧರಿಗೆ ನಿಷೇಧಿಸಿ, ಅರಿಯದವನ ಕೈಯಲ್ಲಿ ಅದು ಪ್ರಾಣಕ್ಕೇ ಎರವಾಗುವುದೆಂದಿದ್ದಾರೆ. ಇಂದಿನ ಪೀಲ್‌ಗಳನ್ನೂ ತೆಳು, ಮಧ್ಯಮ, ಆಳವೆಂದು ಮೂರಾಗಿಯೇ ವಿಂಗಡಿಸುತ್ತಾರೆ. ತೆಳುವಾದದ್ದು ಒಂದು ವಾರದೊಳಗೆ ಮಾಯುತ್ತದೆ, ಮಧ್ಯಮಕ್ಕೆ ಒಂದೆರಡು ವಾರ ಬೇಕು. ಆಳದ್ದನ್ನು ಫೀನಾಲಿನಿಂದ ಮಾಡುತ್ತಾರೆ. ಅದು ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲದು. ನಮ್ಮ ಮೈಬಣ್ಣಕ್ಕೆ ಅದು ಬೇಡವೇ ಬೇಡ.

ಬಿ.ಎ.ಎಂ.ಎಸ್. ಓದಿದ ನಾನು ಈ ಪೀಲ್ ಮಾಡುವುದಿಲ್ಲ. ಅದು ಚರ್ಮರೋಗ ತಜ್ಞರ ಕೆಲಸ. ಹುಬ್ಬಳ್ಳಿಯ ಕೆಎಂಸಿಆರ್‌ಐನಲ್ಲಿಯೂ (ಹಿಂದಿನ ಕಿಮ್ಸ್) ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿಯೂ ಅಂಥವರು ದೊರೆಯುತ್ತಾರೆ. ಹಾಗೆಂದು ನಮ್ಮ ಮನೆಮದ್ದುಗಳೆಲ್ಲ ಸೌಮ್ಯವೆಂದು ಭಾವಿಸಬೇಡಿ. ಮಚ್ಚೆ ತೆಗೆಯಲು ಗೋಡಂಬಿ ಸಿಪ್ಪೆಯ ಎಣ್ಣೆಯನ್ನೋ ಸುಣ್ಣ-ಸೋಡಾವನ್ನೋ ಹಚ್ಚಿಕೊಂಡು ಕುಳಿಬಿದ್ದ ಮುಖಗಳನ್ನು ಜೋಯಿಡಾ ಕಡೆಯಿಂದ ಬಂದವರಲ್ಲಿ ನಾನು ಕಂಡಿದ್ದೇನೆ.

ತಜ್ಞರ ಮುಂದೆ ಏನನ್ನೂ ಮುಚ್ಚಿಡಬಾರದು. ಬೆಳ್ಳಗಾಗಲೆಂದು ಔಷಧ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ಹಚ್ಚಿದ ಕ್ರೀಮ್ ಇದ್ದರೆ ಅದರ ಟ್ಯೂಬನ್ನೇ ಒಯ್ಯಿರಿ. ಅವುಗಳಲ್ಲಿ ಅನೇಕವು ಸ್ಟೀರಾಯ್ಡ್ ಸೇರಿದವು, ಚರ್ಮವನ್ನು ತೆಳ್ಳಗೆ ಮಾಡಿರುತ್ತವೆ. ಮೊಡವೆಗೆ ನುಂಗುವ ಐಸೊಟ್ರೆಟಿನಾಯಿನ್ ಮಾತ್ರೆ, ತುಟಿಯ ಸುತ್ತ ಮರಳಿ ಮರಳಿ ಏಳುವ ಸರ್ಪಹುಣ್ಣು, ಗಾಯ ಮಾಯ್ದಲ್ಲಿ ಗಂಟುಗಟ್ಟುವ ಗುಣ, ಗರ್ಭ ನಿಂತಿರುವುದು, ಇವೆಲ್ಲವೂ ಅವರಿಗೆ ತಿಳಿಯಬೇಕು. ಬಸಿರಿನಲ್ಲಿ ಮೂಡಿದ ಬಂಗು ಹೆರಿಗೆಯಾದ ಕೆಲವು ತಿಂಗಳಲ್ಲಿ ಎಷ್ಟೋ ಜನರಿಗೆ ತಾನಾಗಿ ಮಾಸುತ್ತದೆ, ಕಾಯುವುದು ಮೇಲು. ಕಿವಿಯ ಹಿಂದೆ ಮೊದಲು ಪರೀಕ್ಷಿಸುವರೇ, ರಾತ್ರಿ ಗುಳ್ಳೆ ಎದ್ದರೆ ಯಾರನ್ನು ಕಾಣಬೇಕು ಎಂದೂ ಕೇಳಿರಿ. ಮುಂಡಗೋಡಿನಿಂದಲೋ ಜೋಯಿಡಾದಿಂದಲೋ ಬಸ್ಸು ಹಿಡಿದು ಹೋಗುವವರಿಗೆ ಈ ಕಡೆಯ ಪ್ರಶ್ನೆ ಸಣ್ಣದಲ್ಲ.

ಒಂದೇ ಸಲಕ್ಕೆ ಮುಗಿಯುವ ಚಿಕಿತ್ಸೆಯೂ ಇದಲ್ಲ. ಎರಡರಿಂದ ನಾಲ್ಕು ವಾರಗಳ ಅಂತರದಲ್ಲಿ ನಾಲ್ಕಾರು ಬಾರಿ ಮಾಡಬೇಕಾಗುತ್ತದೆ, ಅದಕ್ಕೂ ಮೊದಲು ಕೆಲವು ವಾರ ಚರ್ಮವನ್ನು ಅಣಿಗೊಳಿಸಬೇಕು. ಮದುವೆಗೆಂದು ಮಾಡಿಸುವವರು ಆರು ತಿಂಗಳು ಮೊದಲೇ ಆರಂಭಿಸಲಿ. ಕೊನೆಯ ತಿಂಗಳು ಮುಖವನ್ನು ಸುಮ್ಮನೆ ಬಿಡಲಿ. ಕಬ್ಬು ಕಡಿಯುವ ಸುಗ್ಗಿಯಲ್ಲಿ ಬಿಸಿಲಿಗೆ ಇಳಿಯಲೇಬೇಕಾದವರು ಮಳೆಗಾಲಕ್ಕೆ ಮುಂದೂಡುವುದು ಲೇಸು. ಆಗಲೂ ಎಸ್‌ಪಿಎಫ್ 30ಕ್ಕಿಂತ ಕಡಿಮೆಯಲ್ಲದ ಸನ್‌ಸ್ಕ್ರೀನ್ ಬಿಡಬಾರದು. ಏಳುವ ಸಿಪ್ಪೆಯನ್ನು ಕೈಯಿಂದ ಕೀಳಲೂ ಕೂಡದು.

ಭಕ್ತರು ಸಂಕೋಚದಿಂದ ಕೇಳುವ ಪ್ರಶ್ನೆಯೊಂದಿದೆ. ವಿಭೂತಿ ಕ್ಷಾರಗುಣದ್ದು, ಹೊಸ ಚರ್ಮಕ್ಕೆ ಉರಿ ತರುತ್ತದೆ. ಹಣೆಗೂ ಪೀಲ್ ಆಗಿದ್ದರೆ ಮಾಯುವವರೆಗೆ ಹಣೆಯನ್ನು ಬಿಟ್ಟು ತೋಳು, ಎದೆಗಳ ಮೇಲೆ ಧರಿಸಿರಿ. ಕುಂಕುಮ, ಅರಿಷಿಣಕ್ಕೂ ಇದೇ ನಿಯಮ. ಆ ಹುಡುಗಿಗೂ ಇದನ್ನೇ ಹೇಳಿದ್ದೆ. ಅವಳು ಕೂಡಲೇ ಒಪ್ಪಿದಳು, ಅಜ್ಜಿ ಒಪ್ಪಲು ಮಾತ್ರ ಎರಡು ದಿನ ಹಿಡಿಯಿತಂತೆ. ಅರಿಷಿಣವನ್ನು ಕಡೆಗೆ ಅಂಗೈ, ಅಂಗಾಲಿಗೆ ಹಚ್ಚಿ ಶಾಸ್ತ್ರ ಮುಗಿಸಿದರು.