ಪತ್ರಿಕೆಗಳ ಅಳಿವಿನ ಭವಿಷ್ಯವಾಣಿಗಳು ಮತ್ತು ಚಿಕ್ಕಬಳ್ಳಾಪುರ ಸೀಮೆ

1843ರ ಜುಲೈನಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಹೊರತಂದ ‘ಮಂಗಳೂರ ಸಮಾಚಾರ’ದಿಂದ ಕನ್ನಡ ಪತ್ರಿಕೋದ್ಯಮದ ಇತಿಹಾಸ ಆರಂಭವಾಗುತ್ತದೆ. ಕಲ್ಲಚ್ಚಿನಿಂದ ಗಣಕದವರೆಗೆ ಮುದ್ರಣತಂತ್ರ ಹಲವು ಬಾರಿ ಬದಲಾದರೂ ಕಾಗದವೇ ಇಲ್ಲದ ಪತ್ರಿಕೆಯ ಕಲ್ಪನೆ ಬಲಗೊಂಡಿದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಆ ಕಾಲದ ಭವಿಷ್ಯವಾಣಿಗಳನ್ನು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1964ರಲ್ಲಿ ಮಾರ್ಷಲ್ ಮೆಕ್‌ಲುಹಾನ್, ವರ್ಗೀಕೃತ ಜಾಹೀರಾತು ಮತ್ತು ಷೇರುದರಗಳೇ ಪತ್ರಿಕೆಯ ತಳಪಾಯವೆಂದೂ, ಅವು ಬೇರೆಡೆ ದೊರೆತ ದಿನ ಪತ್ರಿಕೆ ಕುಸಿಯುವುದೆಂದೂ ಹೇಳಿದ್ದರು. 1980ರಲ್ಲಿ ಅಮೆರಿಕದ ‘ಕೊಲಂಬಸ್ ಡಿಸ್ಪ್ಯಾಚ್’ ದೂರವಾಣಿ ತಂತಿಯ ಮೂಲಕ ಗಣಕಕ್ಕೆ ಸುದ್ದಿ ತಲುಪಿಸಿತು. 1983ರಲ್ಲಿ ಆರಂಭವಾದ ‘ವ್ಯೂಟ್ರಾನ್’ ಸೇವೆ 1986ರಲ್ಲಿ ಮುಚ್ಚಿತು. 1995ರಲ್ಲಿ ನಿಕೊಲಾಸ್ ನೆಗ್ರೊಪಾಂಟೆ ಪ್ರತಿ ಓದುಗನಿಗೂ ಪ್ರತ್ಯೇಕವಾಗಿ ಸಿದ್ಧವಾಗುವ ಪತ್ರಿಕೆಯನ್ನು ಕಲ್ಪಿಸಿದರು. 2004ರಲ್ಲಿ ಫಿಲಿಪ್ ಮೇಯರ್ ಪ್ರಕಟಿಸಿದ ಗ್ರಂಥದಲ್ಲಿನ ಇಳಿಕೆಯ ರೇಖೆಯನ್ನು ಮುಂದುವರಿಸಿದರೆ 2043ರಲ್ಲಿ ಅಮೆರಿಕದ ದಿನಪತ್ರಿಕೆಗಳ ಓದುಗರೇ ಇರುವುದಿಲ್ಲವೆಂಬ ಅರ್ಥ ಹೊರಡುತ್ತಿತ್ತು. 2010ರಲ್ಲಿ ರಾಸ್ ಡಾಸನ್ ಆ ದೇಶಕ್ಕೆ 2017ರ ಗಡುವನ್ನೇ ನೀಡಿದರು. ಗಡುವು ಕಳೆದರೂ ಅಲ್ಲಿ ಪತ್ರಿಕೆಗಳು ಉಳಿದಿವೆ. ಆದರೆ ನೂರಾರು ಸ್ಥಳೀಯ ಪತ್ರಿಕೆಗಳು ಕಣ್ಮರೆಯಾಗಿವೆ.

ಈ ಊಹೆಗಳೆಲ್ಲ ಓದುಗರ ಸಂಖ್ಯೆ ಪರಾಕಾಷ್ಠೆ ತಲುಪಿದ್ದ ಸಮಾಜಗಳಿಗೆ ಸಂಬಂಧಿಸಿದವು. ಕರ್ನಾಟಕದಲ್ಲಿ ಅದೇ ವರ್ಷಗಳು ವಿಸ್ತರಣೆಯ ಕಾಲ. 1996ರಲ್ಲಿ ಯು.ಬಿ. ಪವನಜ ಅವರ ‘ವಿಶ್ವಕನ್ನಡ’ ಅಂತರಜಾಲದಲ್ಲಿ ಕಾಣಿಸಿಕೊಂಡಿತು. ಮೂರು ವರ್ಷಗಳ ತರುವಾಯ, 1999ರಲ್ಲಿ, ‘ವಿಜಯ ಕರ್ನಾಟಕ’ ಮುದ್ರಣದಲ್ಲೇ ಆರಂಭವಾಗಿ ಲಕ್ಷಾಂತರ ಹೊಸ ಓದುಗರನ್ನು ಗಳಿಸಿತು. ಅಕ್ಷರಸ್ಥರ ಹೆಚ್ಚಳ, ಆಫ್‌ಸೆಟ್ ಮುದ್ರಣ ಹಾಗೂ ಜಿಲ್ಲಾ ಪುಟಗಳು ಇದಕ್ಕೆ ಕಾರಣ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದುದರಿಂದ ಇಲ್ಲಿನ ಸುದ್ದಿಗೂ ಪ್ರತ್ಯೇಕ ನೆಲೆ ದೊರೆಯಿತು. ಮನೆಮಾತು ತೆಲುಗಾಗಿರುವ ಅನೇಕ ಕುಟುಂಬಗಳಿರುವ ಈ ಗಡಿಸೀಮೆಯಲ್ಲಿ, ಶಾಲೆಯ ಹೊರಗೆ ಕನ್ನಡದ ಓದನ್ನು ಉಳಿಸಿದ ಸಾಧನಗಳಲ್ಲಿ ದಿನಪತ್ರಿಕೆಯೂ ಒಂದೆಂಬುದು ಗಮನಾರ್ಹ.

ಮೆಕ್‌ಲುಹಾನರ ಮಾತು ಇಲ್ಲಿ ನಿಜವಾದ ಬಗೆ ಬೇರೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ದರ ಮತ್ತು ಚಿಂತಾಮಣಿಯ ಟೊಮೆಟೊ ಧಾರಣೆ ಈ ಸೀಮೆಯ ರೈತನಿಗೆ ಷೇರುಪೇಟೆಯ ಅಂಕಿಗಳಿಗಿಂತ ಮುಖ್ಯ. 2016ರ ನಂತರ ಅಗ್ಗದ ದತ್ತಾಂಶ ಸೇವೆ ಹಳ್ಳಿಗಳಿಗೆ ವ್ಯಾಪಿಸಿದಂತೆ ಇಂತಹ ದರಗಳನ್ನು ಮೊಬೈಲಿನಲ್ಲೇ ಅರಿಯುವುದು ಸಾಧ್ಯವಾಯಿತು. ಮರುದಿನದ ಧಾರಣೆ ಅಂಕಣ ತನ್ನ ಅನಿವಾರ್ಯತೆಯನ್ನು ಕಳೆದುಕೊಂಡಿತು. 2020ರ ಕೋವಿಡ್ ಕಾಲದ ಜಾಹೀರಾತು ಕುಸಿತವು ಪತ್ರಿಕೆಗಳ ಪುಟಗಳನ್ನೂ ಕುಗ್ಗಿಸಿತು.

ಭವಿಷ್ಯಕಾರರು ಬಹುಮಟ್ಟಿಗೆ ಗಮನಿಸದಿದ್ದ ಪ್ರಶ್ನೆ ದಾಖಲೆಯದು. 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ನೆರೆದ ಜನರ ಮೇಲೆ ಗೋಲಿಬಾರ್ ನಡೆಯಿತು. ಮಡಿದವರ ಸಂಖ್ಯೆಯ ಬಗ್ಗೆ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಅಂತರವಿದೆ. ಅದನ್ನು ಒರೆಗೆ ಹಚ್ಚಲು ಸಂಶೋಧಕನಿಗೆ ಸರ್ಕಾರಿ ಕಡತಗಳ ಜೊತೆಗೆ ಅಂದಿನ ಪತ್ರಿಕೆಗಳ ಹಳೆಯ ಸಂಪುಟಗಳೂ ಬೇಕು. ಕಾಗದ ಉಳಿದುದರಿಂದಲೇ ಈ ವಿಮರ್ಶೆ ಸಾಧ್ಯ.

ಗಣಕಯುಗದ ಆದಿಭಾಗದ ಕನ್ನಡ ಸುದ್ದಿಗೆ ಆ ಭಾಗ್ಯವಿಲ್ಲ. ಯೂನಿಕೋಡ್ ರೂಢಿಗೆ ಬರುವ ಮೊದಲು ಜಾಲತಾಣಗಳು ತಮ್ಮತಮ್ಮದೇ ಅಕ್ಷರವಿನ್ಯಾಸಗಳನ್ನು ಬಳಸುತ್ತಿದ್ದವು. ಆ ಫಾಂಟು ಇಲ್ಲದ ಗಣಕದಲ್ಲಿ ಅಂದಿನ ಪುಟಗಳು ಅರ್ಥಹೀನ ಚಿಹ್ನೆಗಳಾಗಿ ಕಾಣುತ್ತವೆ. ಕನ್ನಡ ಪದ ಕೊಟ್ಟು ಹುಡುಕಿದರೂ ದೊರೆಯವು. ಮೊಬೈಲ್ ಗುಂಪುಗಳಲ್ಲಿ ಹರಿದಾಡುವ ತಾಲ್ಲೂಕು ಸುದ್ದಿಯನ್ನು ಸಂಗ್ರಹಿಸುವ ಹೊಣೆ ಯಾವ ಗ್ರಂಥಾಲಯದ ಮೇಲೂ ಇಲ್ಲ.

ಒಟ್ಟಿನಲ್ಲಿ, ಪತ್ರಿಕೆ ಸಾಯುವ ವರ್ಷವನ್ನು ನಿಗದಿಪಡಿಸಿದ ಊಹೆಗಳಿಗಿಂತ ಅದರ ಕಾರ್ಯಗಳು ಚದುರುತ್ತವೆಂಬ ಊಹೆಯೇ ಹೆಚ್ಚು ಸಮರ್ಪಕ. ದರ, ಜಾಹೀರಾತು, ಸುದ್ದಿಗಳಿಗೆ ಹೊಸ ವಾಹಕಗಳು ದೊರೆತಿವೆ. ದಾಖಲೆಗೆ ಇನ್ನೂ ದೊರೆತಿಲ್ಲ. ಜಿಲ್ಲಾ ಪುಟಗಳನ್ನೂ ಸ್ಥಳೀಯ ಜಾಲಸುದ್ದಿಯನ್ನೂ ಯೂನಿಕೋಡ್ ರೂಪದಲ್ಲಿ ಜಿಲ್ಲಾ ಕೇಂದ್ರ ಗ್ರಂಥಾಲಯಗಳು ಕಾಪಿಡುವ ವ್ಯವಸ್ಥೆಯಾಗದಿದ್ದರೆ, ಈ ನಾಲ್ಕು ತಾಲ್ಲೂಕುಗಳ 1938ರ ಚರಿತ್ರೆಯನ್ನು ಬರೆಯುವುದಕ್ಕಿಂತ ಇಂದಿನ ಚರಿತ್ರೆಯನ್ನು ಬರೆಯುವುದೇ ನಾಳಿನ ಸಂಶೋಧಕನಿಗೆ ಕಷ್ಟವಾದೀತು.