ವಾಹನಕ್ಕೊಂದು ಕಾವಲು
ಹೋಟೆಲಿನ ದುಡಿಮೆಯಲ್ಲಿ ಕೂಡಿಟ್ಟ ಹಣಕ್ಕೆ ಸಾಲವನ್ನೂ ಸೇರಿಸಿ ಟೆಂಪೋ ಕೊಂಡ ಬಂಧುಗಳನ್ನು ನಾವು ಬಲ್ಲೆವು. ಅದು ಕಳವಾದರೆ ಸಂಸಾರವೇ ಬೀದಿಪಾಲು. ಆದುದರಿಂದ ಜಿ.ಪಿ.ಎಸ್. ಯಂತ್ರದ ಜೋಡಣೆಯನ್ನು ತಿಳಿದಿರುವುದು ಒಳಿತು.

ಸಾಮಾನ್ಯವಾಗಿ ಅದಕ್ಕೆ ಮುಖ್ಯ ತಂತಿಗಳು 3. ಒಂದು ಫ್ಯೂಸಿನ ಮೂಲಕ ಬ್ಯಾಟರಿಯ ಧನಧ್ರುವಕ್ಕೆ. ಇನ್ನೊಂದು ವಾಹನದ ಲೋಹದ ಚೌಕಟ್ಟಿಗೆ. ಮತ್ತೊಂದು, ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ತು ಹರಿಯುವ ತಂತಿಗೆ. ಬಣ್ಣವನ್ನೇ ನಂಬದೆ ಮೀಟರಿನಿಂದ ಗುರುತಿಸಿಕೊಂಡು, ಬಳಿಕ ಬ್ಯಾಟರಿಯ ಋಣತಂತಿಯನ್ನು ಬಿಚ್ಚಿಯೇ ಜೋಡಿಸತಕ್ಕದ್ದು.

ಕನಿಷ್ಠ 4 ಉಪಗ್ರಹಗಳ ಸಂಕೇತದಿಂದ ಯಂತ್ರವು ಸ್ಥಳವನ್ನು ನಿರ್ಣಯಿಸುವುದರಿಂದ ಅದನ್ನು ಲೋಹದ ತಗಡಿನಡಿ ಅಡಗಿಸಬಾರದು. ಒಳಗಿನ ಸಿಮ್ ಕಾರ್ಡಿನ ಅವಧಿ ತೀರಿದರೆ ಸುದ್ದಿ ಮಾಲೀಕನಿಗೆ ಮುಟ್ಟದು.

ವಾಹನ ನಡೆಸುವ ಚಾಲಕನಿಗೆ ಈ ವಿಷಯವನ್ನು ಮೊದಲೇ ತಿಳಿಸುವುದು ಮಾಲೀಕರ ಕರ್ತವ್ಯವೆಂದು ನಮ್ಮ ಅಭಿಪ್ರಾಯ.